ಸೇತುವೆಯ ಅಂಕಪಟ್ಟಿ ಯಾರ ಬೀರುವಿನಲ್ಲಿದೆ?

ಕಾರವಾರದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಕುಸಿದು ನದಿಯ ಪಾಲಾಯಿತು. ಗೋವೆಯ ಕಡೆಯಿಂದ ಬರುತ್ತಿದ್ದ ಲಾರಿಯೊಂದು ಅದರ ಜೊತೆಗೇ ನೀರಿಗೆ ಬಿತ್ತು. ತಮಿಳುನಾಡಿನ ಆ ಲಾರಿ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಬದುಕಿಸಿ ದಡಕ್ಕೆ ತಂದರು. ಅದೇ ಸೇತುವೆ ಬೆಳಗಿನ ಒಂಬತ್ತು ಗಂಟೆಗೆ ಬಿದ್ದಿದ್ದರೆ, ಸದಾಶಿವಗಡದ ಕಡೆಯಿಂದ ಕಾರವಾರಕ್ಕೆ ಶಾಲೆಗೆ, ಆಸ್ಪತ್ರೆಗೆ, ಕಛೇರಿಗೆ ಹೊರಟ ಎಷ್ಟು ಮಂದಿ ಅದರ ಮೇಲಿರುತ್ತಿದ್ದರೋ ಲೆಕ್ಕ ಹಾಕಲು ಮನಸ್ಸು ಹಿಂಜರಿಯುತ್ತದೆ.

ಆ ಸುದ್ದಿ ದೆಹಲಿಗೆ ಬಂದಾಗ ನಮ್ಮ ಕನ್ನಡಿಗರ ನಡುವೆ ಎರಡು ಮಾತುಗಳು ಕೇಳಿಬಂದವು. ಗುಜರಾತಿನ ಗಂಭೀರಾ ಸೇತುವೆ 2025ರ ಜುಲೈ 9ರಂದು ಮುರಿದು 20ಕ್ಕೂ ಹೆಚ್ಚು ಮಂದಿ ಸತ್ತಾಗಲೂ ಅವೇ ಎರಡು ಮಾತುಗಳು. ಒಂದು: "ಬ್ರಿಟಿಷರು ಕಟ್ಟಿದ್ದನ್ನು ನೋಡಿ ಸ್ವಾಮಿ, ಇನ್ನೂ ಗುಂಡುಕಲ್ಲಿನಂತೆ ನಿಂತಿದೆ. ನಮ್ಮವರು ಕಟ್ಟಿದ್ದು ನಲವತ್ತು ವರ್ಷಕ್ಕೇ ಮುಗಿಯಿತು." ಇನ್ನೊಂದು: "ಯಾರೂ ತಪಾಸಣೆಯನ್ನೇ ಮಾಡಿರಲಿಲ್ಲ, ಬಿಡಿ." ಮೊದಲನೆಯ ಮಾತು ತಪ್ಪು. ಎರಡನೆಯದು ಅರ್ಧ ಸತ್ಯ, ಆದ್ದರಿಂದ ಹೆಚ್ಚು ಅಪಾಯದ್ದು. ಈ ದೇಶದಲ್ಲಿ ಸೇತುವೆಗಳ ತಪಾಸಣೆಗೆ ನಿಯಮವಿದೆ, ನಮೂನೆಯಿದೆ, ಅಂಕ ಕೊಡುವ ಪದ್ಧತಿಯೂ ಇದೆ. ಆದರೆ ಆ ಅಂಕ ಸೇತುವೆ ದಾಟುವವನ ಕಣ್ಣಿಗೆ ಬೀಳುವುದಿಲ್ಲ. ಅಂಕ ಇಳಿದಾಗ ಇಂಥ ದಿನದೊಳಗೆ ಇಂಥ ಕೆಲಸ ಮಾಡಲೇಬೇಕೆಂಬ ಕಟ್ಟುಪಾಡೂ ಯಾರ ಮೇಲೂ ಇಲ್ಲ. ಈ ಎರಡನ್ನೂ ನಾವು ಕೇಳಿ ಪಡೆಯಬೇಕು ಎಂಬುದೇ ಈ ಲೇಖನದ ವಾದ.

ದೆಹಲಿಯಲ್ಲಿ ಕುಳಿತ ನಮಗೆ ಕಾಳಿ ನದಿಯ ಗೊಡವೆ ಏಕೆ ಎಂದು ಕೇಳುವವರೂ ಇದ್ದಾರೆ. ಮಯೂರ್ ವಿಹಾರ, ಪಟ್‌ಪರ್‌ಗಂಜ್, ನೋಯಿಡಾ, ಗಾಜಿಯಾಬಾದುಗಳಲ್ಲಿ ಮನೆ ಮಾಡಿರುವ ನಮ್ಮವರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಯಮುನೆಯನ್ನು ದಾಟಲೇಬೇಕು. ನಿಜಾಮುದ್ದೀನ್ ಸೇತುವೆಯೋ, ಐ.ಟಿ.ಓ. ಸೇತುವೆಯೋ, 2001ರಲ್ಲಿ ತೆರೆದ ಡಿ.ಎನ್.ಡಿ. ಮಾರ್ಗವೋ, ಯಾವುದಾದರೊಂದರ ಮೇಲೆ ದಿನಕ್ಕೆರಡು ಬಾರಿ ನಮ್ಮ ಪ್ರಾಣವನ್ನು ಒಪ್ಪಿಸುತ್ತೇವೆ. ಲೋಧಿ ಎಸ್ಟೇಟಿನ ಕನ್ನಡ ಶಾಲೆಗೆ ನದಿಯಾಚೆಯಿಂದ ಬರುವ ಮಕ್ಕಳಿಗೂ ಬೇರೆ ದಾರಿಯಿಲ್ಲ. ಇನ್ನು ಬೇಸಗೆ ರಜೆಗೆ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲೋ, ಗೋವೆಗೆ ವಿಮಾನದಲ್ಲೋ ಹೋಗಿ, ಅಲ್ಲಿಂದ ಬಾಡಿಗೆ ಕಾರು ಹಿಡಿದು ಕಾರವಾರ, ಅಂಕೋಲೆ, ಕುಮಟೆ, ಭಟ್ಕಳಗಳಿಗೆ ಇಳಿಯುವ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ? ಆ ದಾರಿಯಲ್ಲಿ ಹೊಳೆಗಳಿಗೆ ಬರವಿಲ್ಲ, ಸೇತುವೆಗಳಿಗೂ ಬರವಿಲ್ಲ.

ಮೊದಲು ಬ್ರಿಟಿಷರ ಕಾಲದ ಮಾತನ್ನು ಮುಗಿಸಿಬಿಡೋಣ. ಕಾಳಿ ಸೇತುವೆ ಇದ್ದದ್ದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ಮಹಾಡ್ ಸಿಗುತ್ತದೆ. ಅಲ್ಲಿ ಸಾವಿತ್ರಿ ನದಿಗೆ ಬ್ರಿಟಿಷರು ಕಟ್ಟಿದ ಕಲ್ಲಿನ ಕಮಾನು ಸೇತುವೆಯಿತ್ತು. 2016ರ ಆಗಸ್ಟ್ 2ರ ರಾತ್ರಿ, ನೆರೆಯಲ್ಲಿ, ಅದು ಕೊಚ್ಚಿಹೋಯಿತು. ಎರಡು ಸರಕಾರಿ ಬಸ್ಸುಗಳೂ ಬೇರೆ ವಾಹನಗಳೂ ಕತ್ತಲೆಯಲ್ಲಿ ನೇರವಾಗಿ ನದಿಗೆ ಹೋದವು. ಸುಮಾರು 40 ಜನ ಸತ್ತರು. ಕಾಳಿಯಲ್ಲಿದ್ದಂತೆ ಅಲ್ಲಿಯೂ ಪಕ್ಕದಲ್ಲೇ ಹೊಸ ಸೇತುವೆಯಿತ್ತು, ಹಳೆಯದೂ ಒಂದು ದಿಕ್ಕಿನ ವಾಹನಗಳನ್ನು ಹೊರುತ್ತಿತ್ತು. ಅದೇ ಹೆದ್ದಾರಿ, ಅದೇ ಆಗಸ್ಟಿನ ಮೊದಲ ವಾರ, ಅದೇ ನಡುರಾತ್ರಿ. ನಡುವೆ ಎಂಟು ವರ್ಷ. ಒಂದನ್ನು ಕಟ್ಟಿದವರು ಬಿಳಿಯರು, ಇನ್ನೊಂದನ್ನು ಕಟ್ಟಿದವರು ನಮ್ಮವರು. ನದಿ ಆ ವ್ಯತ್ಯಾಸವನ್ನು ಗಣಿಸಲಿಲ್ಲ.

ಹಾಗಾದರೆ ನಮ್ಮ ಯಮುನೆಯ ಲೋಹೇ ಕಾ ಪುಲ್, 1866–67ರ ಆ ಕಬ್ಬಿಣದ ಸೇತುವೆ, ಮೇಲೆ ರೈಲನ್ನೂ ಕೆಳಗೆ ಗಾಡಿಗಳನ್ನೂ ಹೊತ್ತು ಒಂದೂವರೆ ಶತಮಾನ ದಾಟಿದ್ದು ಹೇಗೆ? ಬ್ರಿಟಿಷರ ಕಬ್ಬಿಣದಲ್ಲಿ ಮಂತ್ರವೇನೂ ಇರಲಿಲ್ಲ. ಅದನ್ನು ನೋಡಿಕೊಳ್ಳಲು ರೈಲ್ವೆಯಲ್ಲಿ ಗೊತ್ತಾದ ಅಧಿಕಾರಿ, ಗೊತ್ತಾದ ರಿಜಿಸ್ಟರು, ಗೊತ್ತಾದ ಮಟ್ಟ ಇದ್ದವು. ಯಮುನೆಯ ಅಪಾಯದ ಮಟ್ಟ 205.33 ಮೀಟರ್ ಎಂದು ನಾವು ಪ್ರತಿ ಮಳೆಗಾಲವೂ ಕೇಳುವುದು ಅಳೆಯುವುದು ಆ ಹಳೆಯ ಸೇತುವೆಯ ಬಳಿಯಲ್ಲೇ. ನೀರು ಅದಕ್ಕಿಂತ ಮೇಲೇರಿದಾಗ ಸೇತುವೆಯನ್ನು ಮುಚ್ಚಿದರು. 2023ರ ಜುಲೈ 13ರಂದು ನೀರು 208.66 ಮೀಟರಿಗೆ ಏರಿ 1978ರ 207.49ರ ದಾಖಲೆಯನ್ನು ಮುರಿದಾಗ ಅದರ ಮೇಲೆ ರೈಲೂ ಇರಲಿಲ್ಲ, ಟೆಂಪೋವೂ ಇರಲಿಲ್ಲ. ಅಂಕಿ ಎಲ್ಲರಿಗೂ ಗೊತ್ತಿತ್ತು. ಅಂಕಿ ದಾಟಿದರೆ ಏನು ಮಾಡಬೇಕೆಂಬುದೂ ಗೊತ್ತಿತ್ತು, ಹಾಗೆ ಮಾಡಿದರು. ಈ ಸರಳ ಶಿಸ್ತನ್ನೇ ನಾನು ಎಲ್ಲ ಸೇತುವೆಗಳಿಗೂ ಕೇಳುತ್ತಿರುವುದು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಇಂದೂ ಉಳಿದಿದ್ದರೆ, ಅದರ ಮೇಲೆ ನಾವು ನಲವತ್ತು ಟನ್ನಿನ ಲಾರಿಗಳನ್ನು ಓಡಿಸುತ್ತಿಲ್ಲ ಎಂಬುದೂ ಅದಕ್ಕೆ ಒಂದು ಕಾರಣ.

ಈಗ ತಪಾಸಣೆ ಎಂದರೇನು ನೋಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಇದಕ್ಕೆ ಮೂರು ಹಂತಗಳಿವೆ. ವಾಡಿಕೆಯ ತಪಾಸಣೆಯೆಂದರೆ ಬರಿಗಣ್ಣಿನಿಂದ ನೋಡುವುದು. ಪ್ರಧಾನ ತಪಾಸಣೆಯೆಂದರೆ ಸೇತುವೆಯ ಪ್ರತಿ ಭಾಗವನ್ನೂ ಹತ್ತಿರ ಹೋಗಿ, ಕೈಗೆಟುಕುವಷ್ಟು ಹತ್ತಿರದಿಂದ, ಪರೀಕ್ಷಿಸುವುದು. ವಿಶೇಷ ತಪಾಸಣೆ ನೆರೆ, ಭೂಕಂಪ, ಅಪಘಾತಗಳಾದಾಗ ಅಥವಾ ಅನುಮಾನ ಬಂದಾಗ. ನೋಡಬೇಕಾದದ್ದು ಮೇಲಿನ ಡಾಂಬರನ್ನಲ್ಲ, ಅದನ್ನು ನಾವೂ ನೋಡಬಲ್ಲೆವು. ತೊಲೆಯ ತುದಿ ಕಂಬದ ಮೇಲೆ ಕುಳಿತಿರುವ ಬೇರಿಂಗು ಚಲಿಸುತ್ತಿದೆಯೇ, ಅಂಟಿಕೊಂಡಿದೆಯೇ? ಎರಡು ಅಂಕಣಗಳ ನಡುವಿನ ಎಕ್ಸ್‌ಪ್ಯಾನ್ಷನ್ ಜಾಯಿಂಟಿನಲ್ಲಿ ನೀರು ಸೋರುತ್ತಿದೆಯೇ? ಮಳೆನೀರು ಹೋಗುವ ಕೊಳವೆ ಕಸದಿಂದ ಕಟ್ಟಿದೆಯೇ? ನದಿಯ ತಳದಲ್ಲಿ ಕಂಬದ ಸುತ್ತಲಿನ ಮಣ್ಣು ಕೊರೆದುಹೋಗಿದೆಯೇ? ಈ ಕೊನೆಯದು ನೀರಿನೊಳಗಿನ ಕೆಲಸ, ದಡದಲ್ಲಿ ಜೀಪು ನಿಲ್ಲಿಸಿ ಕಾಣುವಂಥದಲ್ಲ. ದಕ್ಷಿಣ ಕನ್ನಡದ ಮುಲ್ಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ 2018ರ ಜೂನ್ 25ರಂದು ಬಿದ್ದಾಗ, ಕಂಬಗಳ ಬುಡದಿಂದಲೇ ಮರಳು ತೆಗೆದದ್ದು ಕಾರಣವೆಂದು ಊರವರು ದೂರಿದರು. ಮರಳು ತೆಗೆಯುವ ದೋಣಿ ಎಲ್ಲರಿಗೂ ಕಾಣುತ್ತದೆ, ಬುಡದಲ್ಲಿ ಆದ ಹಳ್ಳ ಯಾರಿಗೂ ಕಾಣುವುದಿಲ್ಲ.

ವಿಜ್ಞಾನದ ಪದವಿ ಓದಿದವರೆಲ್ಲ ಪ್ರಯೋಗಶಾಲೆಯಲ್ಲಿ ಫಿನಾಲ್ಫ್ತಲೀನ್ ಹನಿ ಹಾಕಿ ದ್ರಾವಣ ಗುಲಾಬಿಯಾಗುವುದನ್ನು ಕಂಡವರೇ. ಅದೇ ಹನಿ ಸೇತುವೆಗೂ ನಡೆಯುತ್ತದೆ. ಒಳ್ಳೆಯ ಕಾಂಕ್ರೀಟು ಕ್ಷಾರಗುಣದ್ದು, ಅದರ ಪಿ.ಎಚ್. 12ರಿಂದ 13ರವರೆಗೆ. ಆ ಕ್ಷಾರವೇ ಒಳಗಿನ ಉಕ್ಕಿನ ಸರಳಿಗೆ ತುಕ್ಕು ಹಿಡಿಯದಂತೆ ಕಾಯುವ ಕವಚ. ಗಾಳಿಯ ಇಂಗಾಲದ ಡೈ ಆಕ್ಸೈಡು ವರ್ಷ ವರ್ಷವೂ ಸ್ವಲ್ಪಸ್ವಲ್ಪವೇ ಒಳಹೊಕ್ಕು ಆ ಕ್ಷಾರವನ್ನು ತಿನ್ನುತ್ತದೆ. ಕಾಂಕ್ರೀಟನ್ನು ಕೆತ್ತಿ ಹನಿ ಹಾಕಿದಾಗ ಗುಲಾಬಿ ಬಂದರೆ ಕವಚವಿದೆ, ಬಣ್ಣ ಬಾರದಿದ್ದರೆ ಕವಚ ಹೋಗಿದೆ. ಸಮುದ್ರದಂಚಿನಲ್ಲಿ ಇನ್ನೊಂದು ಶತ್ರುವಿದೆ, ಉಪ್ಪು. ಕಾಳಿ ನದಿ ಕಡಲು ಸೇರುವಲ್ಲಿ ಉಪ್ಪುಗಾಳಿ ಹಗಲಿರುಳೂ ಕಾಂಕ್ರೀಟನ್ನು ನೆಕ್ಕುತ್ತಿರುತ್ತದೆ. ಕ್ಲೋರೈಡು ಸರಳನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದಾದ್ದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಬಿಗಿದ ಉಕ್ಕಿನ ತಂತಿಗಳನ್ನು ಒಳಗಿಟ್ಟು ಕಟ್ಟಿದ ಸೇತುವೆಗಳಲ್ಲಂತೂ ತಂತಿ ಕೊಳವೆಯೊಳಗೇ ತುಂಡಾದರೂ ಹೊರಗೆ ಒಂದು ಕಲೆಯೂ ಕಾಣದಿರಬಹುದು. ಇದನ್ನು ಕಂಡುಹಿಡಿಯಲು ವಿದ್ಯುತ್ ವಿಭವ ಅಳೆಯುವ ಉಪಕರಣ, ಶಬ್ದಾತೀತ ತರಂಗದ ಉಪಕರಣ ಎಲ್ಲವೂ ನಮ್ಮ ದೇಶದಲ್ಲಿವೆ. ಮಥುರಾ ರಸ್ತೆಯಲ್ಲಿ 1952ರಿಂದ ಇರುವ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ಮುಂದೆ ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಬಸ್ಸಿನಲ್ಲಿ ಹಾದುಹೋಗುತ್ತೇವೆ. ವಿದ್ಯೆಯ ಕೊರತೆಯಿಂದ ನಮ್ಮ ಸೇತುವೆಗಳು ಬೀಳುತ್ತಿವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನು ಅಂಕದ ವಿಷಯ. ಮಹಾಡ್ ದುರಂತವಾದ ಎರಡು ತಿಂಗಳಿಗೆ, 2016ರ ಅಕ್ಟೋಬರ್ 4ರಂದು, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ ಎಂಬುದನ್ನು ಆರಂಭಿಸಿತು. ಮೋರಿಗಳೂ ಸೇರಿ ಲಕ್ಷಕ್ಕೂ ಹೆಚ್ಚು ಸೇತುವೆಗಳಿಗೆ ಒಂದೊಂದು ಗುರುತಿನ ಸಂಖ್ಯೆ ಕೊಟ್ಟರು. ಭಾಗ ಭಾಗಕ್ಕೂ 0ಯಿಂದ 9ರವರೆಗೆ ಅಂಕ ಕೊಡುವ ಪದ್ಧತಿ ಬಂತು. ಆ ಸೇತುವೆ ಮುಚ್ಚಿದರೆ ಜನಜೀವನಕ್ಕೆ ಎಷ್ಟು ತೊಂದರೆ ಎಂಬುದಕ್ಕೂ ಬೇರೆ ಅಂಕವಿದೆ. ಕೆಲಸ ಶ್ಲಾಘನೀಯ, ಇದರಲ್ಲಿ ಎರಡು ಮಾತಿಲ್ಲ. ಮರುವರ್ಷ, 2017ರ ಆಗಸ್ಟಿನಲ್ಲಿ, ದೇಶದ ಸುಮಾರು 100 ಸೇತುವೆಗಳು ಯಾವಾಗ ಬೇಕಾದರೂ ಕುಸಿಯುವ ಸ್ಥಿತಿಯಲ್ಲಿವೆ ಎಂದು ಸಚಿವರು ಲೋಕಸಭೆಯಲ್ಲೇ ತಿಳಿಸಿದರು. ಅದೂ ಪ್ರಾಮಾಣಿಕ ಮಾತು. ಆದರೆ ಆ ನೂರು ಸೇತುವೆಗಳ ಮೇಲೆ ಅಂದು ಸಂಜೆ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ದಾಟಿದ ತಂದೆಗೆ, ಇದು ಆ ನೂರರಲ್ಲಿ ಒಂದು ಎಂದು ಸೇತುವೆಯ ಬಾಯಲ್ಲಿ ಯಾವ ಫಲಕವೂ ಹೇಳಲಿಲ್ಲ.

ರೈಲ್ವೆಯಲ್ಲೂ ಸೇತುವೆಗಳಿಗೆ ಅಂಕವಿದೆ. ಅಲ್ಲಿ 1 ಎಂದರೆ ಕೂಡಲೇ ಮರುನಿರ್ಮಾಣ, 5 ಎಂದರೆ ಸುಸ್ಥಿತಿ. ನನಗೆ ಬಹಳ ಮೆಚ್ಚಿಗೆಯಾದದ್ದು ಅಲ್ಲಿನ ಸೊನ್ನೆ. ಸೊನ್ನೆ ಎಂದರೆ "ಈ ಭಾಗವನ್ನು ನೋಡಿಲ್ಲ" ಎಂದರ್ಥ. ನೋಡದೆ ಇದ್ದದ್ದನ್ನು ನೋಡಿಲ್ಲವೆಂದು ಬರೆಯಲು ಒಂದು ಅಂಕಿಯನ್ನೇ ಮೀಸಲಿಟ್ಟ ಆ ಹಿರಿಯರು ಕಛೇರಿಯ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ಏಕೆಂದರೆ ಕಡತದ ಲೋಕದಲ್ಲಿ ಖಾಲಿ ಅಂಕಣ ಯಾರಿಗೂ ಬೇಡ, ಅದನ್ನು ತುಂಬಿದರೆ ಮಾತ್ರ ಕಾಗದ ಮೇಲಕ್ಕೆ ಹೋಗುತ್ತದೆ. ನಾನು ಹಿಂದೆ ಇದ್ದ ಒಂದು ಕಛೇರಿಯಲ್ಲಿ ಬೆಂಕಿ ಆರಿಸುವ ಸಿಲಿಂಡರಿಗೆ ತಪಾಸಣೆಯ ಚೀಟಿ ಕಟ್ಟಿತ್ತು. ವರ್ಷದ ನಾಲ್ಕು ತ್ರೈಮಾಸಿಕಗಳಿಗೂ ಸಹಿ ಬಿದ್ದಿತ್ತು, ಒಂದೇ ಶಾಯಿ, ಒಂದೇ ಓರೆ. ನಾಲ್ಕನೆಯ ತ್ರೈಮಾಸಿಕ ಮಾತ್ರ ಆಗ ಇನ್ನೂ ಆರಂಭವಾಗಿರಲಿಲ್ಲ! ಸಹಿ ಹಾಕಿದವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಆ ಚೀಟಿಯನ್ನು ಓದುವವರು ಯಾರೂ ಇಲ್ಲವೆಂದು ಅವನಿಗೆ ಖಾತ್ರಿಯಿತ್ತು, ಅಷ್ಟೆ.

ಅಂಕವೂ ಓದುವವರಿಲ್ಲದಿದ್ದರೆ ಅದೇ ಚೀಟಿ. ಮಹಾಡದ ಸೇತುವೆಯನ್ನು ಆ ವರ್ಷದ ಮೇ ತಿಂಗಳಲ್ಲೇ ತಪಾಸಣೆ ಮಾಡಲಾಗಿತ್ತು, ಅಪಾಯ ಕಂಡಿರಲಿಲ್ಲ ಎಂದು ಸರಕಾರದ ಕಡೆಯಿಂದಲೇ ಹೇಳಿಕೆ ಬಂತು. ಮೇ ತಿಂಗಳಲ್ಲಿ ಅಪಾಯವಿಲ್ಲದ ಸೇತುವೆ ಆಗಸ್ಟಿನಲ್ಲಿ ಇಲ್ಲವೇ ಇಲ್ಲ. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಕಡಿದು 135 ಜನ ಸತ್ತರು. ದುರಸ್ತಿ ಮಾಡಿ ತೆರೆದು ನಾಲ್ಕೇ ದಿನವಾಗಿತ್ತು. ಅದರ ಮುಖ್ಯ ಹಗ್ಗವೊಂದರ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದು ಹೋಗಿದ್ದವೆಂದು ತನಿಖೆಯಲ್ಲಿ ಹೊರಬಂತು. ಹೊಸ ಹಲಗೆ, ಹೊಸ ಬಣ್ಣ, ಹಬ್ಬದ ಜನ. ತಂತಿಯನ್ನು ಮಾತ್ರ ಯಾರೂ ಎಣಿಸಿರಲಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕೆಯಲ್ಲಿ 1967ರ ಡಿಸೆಂಬರ್ 15ರಂದು ಓಹಾಯೋ ನದಿಯ ಸಿಲ್ವರ್ ಸೇತುವೆ ಒಂದೇ ಒಂದು ಕಬ್ಬಿಣದ ಕೊಂಡಿಯ ಬಿರುಕಿನಿಂದ ಬಿದ್ದು 46 ಜನ ಸತ್ತರು. ಆ ಆಘಾತದಿಂದಲೇ 1971ರಲ್ಲಿ ಅಲ್ಲಿ ರಾಷ್ಟ್ರಮಟ್ಟದ ತಪಾಸಣಾ ನಿಯಮ ಬಂತು, ಎಲ್ಲ ಸೇತುವೆಗಳಿಗೂ 0ಯಿಂದ 9ರ ಅಂಕ ಬಂತು. ಆ ಅಂಕವಾದರೂ ಎಷ್ಟು ನಂಬಿಕೆಯದು? 2001ರಲ್ಲಿ ಅಲ್ಲಿಯ ಹೆದ್ದಾರಿ ಇಲಾಖೆಯೇ 49 ಮಂದಿ ತಪಾಸಕರನ್ನು ಅವೇ ಸೇತುವೆಗಳ ಮುಂದೆ ನಿಲ್ಲಿಸಿ ಅಂಕ ಕೇಳಿತು. ಒಂದೇ ಭಾಗಕ್ಕೆ ಸರಾಸರಿ ನಾಲ್ಕೈದು ಬಗೆಯ ಅಂಕಗಳು ಬಂದವು! ಮಿನಿಯಾಪೊಲಿಸಿನ ಹೆದ್ದಾರಿ ಸೇತುವೆಗೆ 1990ರಿಂದಲೇ ದುರ್ಬಲವೆಂಬ ಹಣೆಪಟ್ಟಿಯಿತ್ತು. 2007ರ ಆಗಸ್ಟ್ 1ರಂದು ಅದು ಬಿದ್ದು 13 ಜನ ಸತ್ತರು. ತನಿಖೆಯಲ್ಲಿ ಕಂಡ ಮೂಲಕಾರಣ ತುಕ್ಕಲ್ಲ, ಕೂಡುತಟ್ಟೆಗಳನ್ನು ಮೊದಲ ನಕ್ಷೆಯಲ್ಲೇ ಬೇಕಾದದ್ದಕ್ಕಿಂತ ತೆಳುವಾಗಿ ಗೊತ್ತುಮಾಡಿದ್ದು. ಮುಪ್ಪನ್ನು ಹುಡುಕುವ ಕಣ್ಣಿಗೆ ಹುಟ್ಟುದೋಷ ಕಾಣಲಿಲ್ಲ. ಆದ್ದರಿಂದ ಅಂಕವನ್ನು ದೇವರ ವಾಕ್ಯವೆಂದು ನಾನು ಹೇಳುತ್ತಿಲ್ಲ. ಅಂಕ ತಪ್ಪಾಗಬಹುದು ಎಂಬ ಕಾರಣಕ್ಕೇ ಅದು ನಾಲ್ಕು ಜನರ ಮುಂದಿರಬೇಕು. ಮುಚ್ಚಿಟ್ಟ ತಪ್ಪು ತಪ್ಪಾಗಿಯೇ ಉಳಿಯುತ್ತದೆ; ಬಯಲಿನಲ್ಲಿಟ್ಟ ತಪ್ಪನ್ನು ಯಾರಾದರೊಬ್ಬರು ಕೇಳುತ್ತಾರೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮೊದಲನೆಯದು: ಜನ ಗಾಬರಿಯಾಗುತ್ತಾರೆ. ಅಮೆರಿಕೆಯಲ್ಲಿ ಪ್ರತಿ ಸೇತುವೆಯ ಅಂಕವನ್ನೂ ಯಾರು ಬೇಕಾದರೂ ನೋಡಬಹುದು. ಅಲ್ಲಿಯ ಜನ ಗಾಬರಿಯಿಂದ ನದಿ ಈಜುತ್ತಿಲ್ಲ. ಯಮುನೆಯ ನೀರಿನ ಮಟ್ಟವನ್ನು ಗಂಟೆಗಂಟೆಗೂ ಹೇಳುವಾಗ ಆಗದ ಗಾಬರಿ ಕಂಬದ ಮಟ್ಟ ಹೇಳಿದಾಗ ಏಕೆ ಆಗಬೇಕು?

ಎರಡನೆಯದು: ಇದು ತಾಂತ್ರಿಕ ವಿಷಯ, ಸಾಮಾನ್ಯರಿಗೆ ಅರ್ಥವಾಗದು. ತರಕಾರಿಯವನ ತೂಕದ ಕಲ್ಲಿಗೆ ಮುದ್ರೆಯಿರಬೇಕು. ನಮ್ಮ ಸ್ಕೂಟರಿನ ಹೊಗೆಗೆ ಸರ್ಟಿಫಿಕೇಟಿರಬೇಕು, ಅವಧಿ ಮುಗಿದರೆ ದಂಡ ತೆರಬೇಕು. ಹಾಲಿನ ಪೊಟ್ಟಣದ ಮೇಲೂ ತಾರೀಕು ಇರುತ್ತದೆ. ಹಾಲಿನ ತಾರೀಕು ಓದಬಲ್ಲ ಗೃಹಿಣಿ "ಹಿಂದಿನ ತಪಾಸಣೆ ಇಂಥ ದಿನ, ಮುಂದಿನದು ಇಂಥ ದಿನ, ಸ್ಥಿತಿ: ಮಧ್ಯಮ" ಎಂಬ ಮೂರು ಸಾಲು ಓದಲಾರಳೇ?

ಮೂರನೆಯದು: ಹಣವಿಲ್ಲ. ಪಿಟ್ಸ್‌ಬರ್ಗಿನ ಫರ್ನ್ ಹಾಲೋ ಸೇತುವೆ 2022ರ ಜನವರಿ 28ರಂದು ಬಿತ್ತು. ನೀರು ಹೋಗುವ ಕೊಳವೆಗಳಲ್ಲಿ ಕಸ ಕಟ್ಟಿ, ನೀರು ನಿಂತು, ಅದರ ಕಾಲುಗಳು ತುಕ್ಕು ತಿಂದುಹೋಗಿದ್ದವು. ತಪಾಸಕರು ವರದಿಯ ಮೇಲೆ ವರದಿಯಲ್ಲಿ ಇದನ್ನು ಬರೆದಿದ್ದರು, ಮಾಡುವವರು ಮಾಡಲಿಲ್ಲ. ಕೊಳವೆಯ ಕಸ ತೆಗೆಯಲು ಒಬ್ಬ ಆಳು, ಒಂದು ಗುದ್ದಲಿ, ಒಂದು ದಿನ ಸಾಕು. ಸೇತುವೆ ಬಿದ್ದ ಮೇಲೆ ಬೇಕಾಗುವ ಕೋಟಿಗಳ ಎದುರು ಇದು ಯಾವ ಲೆಕ್ಕ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಹಣ ನಮ್ಮಲ್ಲಿ ಯಾವಾಗಲೂ ಇದೆ. ಮಹಾಡಿನಲ್ಲಿ ಹೊಸ ಸೇತುವೆಯನ್ನು 165 ದಿನಗಳಲ್ಲಿ ಕಟ್ಟಿ ಮುಗಿಸಿದರು. ಮನಸ್ಸು ಮಾಡಿದರೆ ನಮ್ಮವರ ಕೈಯಲ್ಲಿ ಆಗದ್ದೇನೂ ಇಲ್ಲ. ಮನಸ್ಸು ಮಾಡಲು ನಲವತ್ತು ಹೆಣ ಬೇಕಾದದ್ದು ದುರಂತ.

ಫಲಕವೊಂದೇ ಸಾಕೆಂದೂ ನಾನು ಹೇಳುವುದಿಲ್ಲ. ಪುಣೆಯ ಬಳಿ ಇಂದ್ರಾಯಣಿ ನದಿಯ ಕುಂಡಮಳಾದಲ್ಲಿ ಹಳೆಯ ಕಬ್ಬಿಣದ ಸೇತುವೆಗೆ ಅಪಾಯದ ಫಲಕ ಹಾಕಿತ್ತು. 2025ರ ಜೂನ್ 15ರ ಭಾನುವಾರ ಜನ ಅದರ ಮೇಲೇ ಗುಂಪುಗೂಡಿದರು, ಅದು ಬಿತ್ತು, ನಾಲ್ವರು ಸತ್ತರು. ಅಪಾಯವೆಂದು ಬರೆದು ದಾರಿಯನ್ನು ತೆರೆದೇ ಇಟ್ಟರೆ ಅದು ಎಚ್ಚರಿಕೆಯಲ್ಲ, ಇಲಾಖೆ ತನ್ನ ತಲೆ ಕಾಯ್ದುಕೊಳ್ಳುವ ಉಪಾಯ. ಅಂಕ ಇಷ್ಟಕ್ಕೆ ಇಳಿದರೆ ಭಾರಿ ಲಾರಿ ಬಂದ್, ಇನ್ನಷ್ಟಕ್ಕೆ ಇಳಿದರೆ ಎಲ್ಲ ವಾಹನ ಬಂದ್ ಎಂಬುದು ಯಾವ ಅಧಿಕಾರಿಯ ಧೈರ್ಯಕ್ಕೂ ಬಿಡದೆ ನಿಯಮವಾಗಿಯೇ ಇರಬೇಕು. ಸೇತುವೆ ಮುಚ್ಚಿದ ಎಂಜಿನಿಯರನಿಗೆ ಊರಿನವರ ಬೈಗುಳವೂ ಮಂತ್ರಿಗಳ ದೂರವಾಣಿಯೂ ಖಂಡಿತ. ಮುಚ್ಚದವನಿಗೆ, ಅದೃಷ್ಟವಿದ್ದರೆ, ಬಡ್ತಿ. ಈ ತಕ್ಕಡಿಯನ್ನು ಸರಿಮಾಡದೆ ಬರೀ ಎಂಜಿನಿಯರನನ್ನು ದೂರಿ ಪ್ರಯೋಜನವಿಲ್ಲ.

ಇಲ್ಲಿಯೇ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಬೇಕು. ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯದ ಅಧೀನರಲ್ಲ. 1941ರಲ್ಲೇ ಆ ತಪಾಸಣಾಧಿಕಾರಿಗಳನ್ನು ರೈಲ್ವೆ ಮಂಡಳಿಯಿಂದ ಬಿಡಿಸಿದರು. ಇಂದು ಅವರು ನಾಗರಿಕ ವಿಮಾನಯಾನ ಸಚಿವಾಲಯದಡಿ ಇದ್ದಾರೆ. ಹೊಸ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಬೇಕಾದರೆ ಅವರು ಒಪ್ಪಬೇಕು, ಅಪಘಾತವಾದರೆ ಅವರು ತನಿಖೆ ಮಾಡಬೇಕು. ಕಾರಣ ಸರಳ: ಕಟ್ಟಿದವನೇ ತನ್ನ ಕೆಲಸಕ್ಕೆ ಅಂಕ ಕೊಟ್ಟುಕೊಳ್ಳಬಾರದು. ಇದರಿಂದ ರೈಲ್ವೆಯಲ್ಲಿ ಅಪಘಾತವೇ ನಿಂತಿತೆಂದಲ್ಲ. 2001ರ ಜೂನ್ 22ರಂದು ಕೇರಳದ ಕಡಲುಂಡಿಯಲ್ಲಿ ನಮ್ಮ ಮಂಗಳೂರಿನಿಂದ ಹೊರಟ ಚೆನ್ನೈ ಮೇಲ್ ಸೇತುವೆಯೊಡನೆ ನದಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತದ್ದನ್ನು ಕರಾವಳಿಯವರು ಮರೆತಿಲ್ಲ. ಆದರೆ ಅಂಥ ದಿನ ಪ್ರಶ್ನೆ ಕೇಳುವ ಅಧಿಕಾರವುಳ್ಳ ಹೊರಗಿನವನೊಬ್ಬ ಅಲ್ಲಿ ಇರುತ್ತಾನೆ. ರಸ್ತೆ ಸೇತುವೆ ಬಿದ್ದಾಗ ಕಟ್ಟಿಸಿದ ಇಲಾಖೆ, ಕಾಯಬೇಕಾದ ಇಲಾಖೆ, ತನಿಖಾ ಸಮಿತಿ ನೇಮಿಸುವ ಇಲಾಖೆ ಎಲ್ಲವೂ ಒಂದೇ ಮನೆಯ ಅಣ್ಣತಮ್ಮಂದಿರು. ರೈಲಿಗೆ ಬೇಕಾದ ಆಯುಕ್ತರು ಬಸ್ಸಿಗೆ ಬೇಡವೆಂದು ಯಾವ ಶಾಸ್ತ್ರ ಹೇಳುತ್ತದೆ?

ಈ ಮಾತಿಗೆ ಈಗ ಅವಸರವೂ ಇದೆ. ಕಾಳಿ ಸೇತುವೆಗೂ ಗಂಭೀರಾ ಸೇತುವೆಗೂ ಬೀಳುವಾಗ ವಯಸ್ಸು ಹೆಚ್ಚುಕಡಿಮೆ ನಲವತ್ತು, ಎರಡೂ 1980ರ ದಶಕದ ಕೂಸುಗಳು. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ದೆಹಲಿಯಲ್ಲಿ ಎದ್ದ ಮೂಲ್‌ಚಂದ್ ಮುಂತಾದ ಮೇಲ್ಸೇತುವೆಗಳೂ ಅದೇ ಪ್ರಾಯದವು. ಅವು ಬೀಳುತ್ತವೆಂದು ನಾನು ಹೇಳುತ್ತಿಲ್ಲ, ಚೆನ್ನಾಗಿಯೇ ಇರಬಹುದು. ಚೆನ್ನಾಗಿದ್ದರೆ ಹಾಗೆಂದು ತಾರೀಕು ಸಹಿತ ಬರೆದು ತೂಗುಹಾಕಲು ಏನು ಅಡ್ಡಿ? ನಲವತ್ತು ದಾಟಿದ ನೌಕರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳುತ್ತಾರಲ್ಲ, ಸೇತುವೆಗೂ ಆ ಮಾತು ಸಲ್ಲುತ್ತದೆ.

ಸರಕಾರವನ್ನು ಮಾತ್ರ ಕೇಳಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. 2023ರ ಮಾರ್ಚ್ 12ರಿಂದ ಚಿರಾಗ್ ದಿಲ್ಲಿ ಮೇಲ್ಸೇತುವೆಯನ್ನು ಜಾಯಿಂಟುಗಳ ದುರಸ್ತಿಗಾಗಿ ಒಂದೊಂದು ಬದಿ ಮುಚ್ಚಿದಾಗ ದಕ್ಷಿಣ ದೆಹಲಿಯಲ್ಲಿ ಎದ್ದ ಕೂಗನ್ನು ನೆನಪಿಸಿಕೊಳ್ಳಿ. ಅರ್ಧ ಗಂಟೆ ತಡವಾಯಿತೆಂದು ಇಡೀ ಲೋಕೋಪಯೋಗಿ ಇಲಾಖೆಯ ವಂಶವನ್ನೇ ಬೈದವರಲ್ಲಿ ನಮ್ಮವರೂ ಇದ್ದರು. ಸೇತುವೆ ಬಿದ್ದರೆ "ಏಕೆ ನೋಡಲಿಲ್ಲ" ಎನ್ನುವುದು, ನೋಡಲು ಬಂದರೆ "ಏಕೆ ಮುಚ್ಚಿದಿರಿ" ಎನ್ನುವುದು; ಈ ಎರಡು ನಾಲಿಗೆಯ ಮಾತು ನಮಗೆ ಶೋಭಿಸದು. ದುರಸ್ತಿಗೆ ಮುಚ್ಚಿದ ಸೇತುವೆಯ ಮುಂದೆ ಸುತ್ತು ಹಾಕಿ ಹೋಗುವಾಗ ಬೈಯದೆ ಇರುವುದು ನಾಗರಿಕನ ಕಂದಾಯವೆಂದು ತಿಳಿಯೋಣ.

ಇನ್ನು ನಮ್ಮ ಕೈಯಲ್ಲಿರುವ ಆಯುಧ. 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮು, ಯಾರೂ ಕೇಳದೆಯೇ ಇಲಾಖೆಗಳು ಸಾರ್ವಜನಿಕ ಮಾಹಿತಿಯನ್ನು ತಾವಾಗಿ ಪ್ರಕಟಿಸಬೇಕೆಂದು ಹೇಳುತ್ತದೆ. ಪ್ರಕಟಿಸದಿದ್ದರೆ 10 ರೂಪಾಯಿ ಕಟ್ಟಿ ನಾವು ಕೇಳಬಹುದು, 30 ದಿನಗಳಲ್ಲಿ ಉತ್ತರ ಬರಬೇಕು. ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳಲ್ಲಿ. ಅರ್ಜಿಯಲ್ಲಿ ದೊಡ್ಡ ಭಾಷಣ ಬೇಡ. ನಾಲ್ಕು ಪ್ರಶ್ನೆ ಸಾಕು: ಇಂಥ ಸೇತುವೆಯ ಕೊನೆಯ ಪ್ರಧಾನ ತಪಾಸಣೆ ಯಾವ ದಿನ ನಡೆಯಿತು? ಪ್ರತಿ ಭಾಗಕ್ಕೂ ಬಂದ ಅಂಕವೆಷ್ಟು? ವರದಿಯಲ್ಲಿ ಸೂಚಿಸಿದ ದುರಸ್ತಿಗಳು ಯಾವುವು? ಅವುಗಳಲ್ಲಿ ಎಷ್ಟು, ಯಾವ ದಿನ ಮುಗಿದವು? ಕಛೇರಿಯಲ್ಲಿ ಕೆಲಸ ಮಾಡುವವರೆಲ್ಲರಿಗೂ ಗೊತ್ತು, ನಾಲ್ಕನೆಯ ಪ್ರಶ್ನೆ ಬಂದಾಗಲೇ ಕಡತ ಎದ್ದು ಓಡಾಡುವುದು.

ನಮ್ಮ ಬೇಡಿಕೆಗಳನ್ನು ಒಟ್ಟುಮಾಡಿ ಹೇಳುತ್ತೇನೆ. ಪ್ರತಿ ದೊಡ್ಡ ಸೇತುವೆಯ ಎರಡೂ ತುದಿಯಲ್ಲಿ, ಆ ಊರಿನ ಭಾಷೆಯಲ್ಲಿ, ಕಟ್ಟಿದ ವರ್ಷ, ತಪಾಸಣೆಯ ದಿನ, ಬಂದ ಅಂಕ, ಮುಂದಿನ ತಪಾಸಣೆಯ ದಿನ, ಹೊಣೆಗಾರ ಅಧಿಕಾರಿಯ ಹುದ್ದೆ ಇರುವ ಫಲಕ ಬೇಕು. ಅಂಕ ಇಳಿದರೆ ಭಾರವನ್ನೂ ವಾಹನವನ್ನೂ ತಾನಾಗಿ ತಡೆಯುವ ನಿಯಮ ಬೇಕು. ರಸ್ತೆ ಸಚಿವಾಲಯಕ್ಕೆ ಒಳಪಡದ ಸೇತುವೆ ಸುರಕ್ಷತಾ ಆಯುಕ್ತರು ಬೇಕು. ಕಡಲಂಚಿನ ಸೇತುವೆಗಳಿಗೆ, ನದಿಯೊಳಗಿನ ಕಂಬಗಳಿಗೆ, ಬರಿಗಣ್ಣಿನ ತಪಾಸಣೆ ಸಾಲದೆಂದು ಒಪ್ಪಿ ಉಪಕರಣದ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು.

ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12, ಒಟ್ಟು 40 ಸದಸ್ಯರು ಈ ನಗರಕ್ಕೆ ಬರುತ್ತಾರೆ. ರಾಜ್ಯೋತ್ಸವಕ್ಕೋ ಯುಗಾದಿಗೋ ಅವರನ್ನು ಕರೆದು ಹಾರ ಹಾಕಿ ಶಾಲು ಹೊದಿಸುವುದು ನಮ್ಮ ಸಂಪ್ರದಾಯ, ಅದು ಒಳ್ಳೆಯದೇ. ಈ ಸಲ ಶಾಲಿನ ಜೊತೆಗೆ ಈ ನಾಲ್ಕು ಬೇಡಿಕೆಗಳ ಒಂದು ಕಾಗದವನ್ನೂ ಕೊಡೋಣ. ಮುಂದಿನ ವರ್ಷ ಅವರು ಮತ್ತೆ ಹಾರಕ್ಕೆ ಕುತ್ತಿಗೆ ಚಾಚಿದಾಗ, ಹಾರ ಹಾಕುವ ಮೊದಲು, ಆ ಕಾಗದ ಎಲ್ಲಿಯವರೆಗೆ ಬಂತೆಂದು ಕೇಳೋಣ.